ಕೇಳದೆ ಬಡಿಸುವ ಉಪ್ಪು

ಹೊಸ ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಂ ಹಾಕುವಾಗ, ಪರದೆ ಕೇಳಿದ್ದನ್ನು ಓದುವ ವ್ಯವಧಾನವೂ ಇಲ್ಲದೆ ‘ನೆಕ್ಸ್ಟ್, ನೆಕ್ಸ್ಟ್’ ಎಂದು ಒತ್ತಿಕೊಂಡು ಹೋದವರು ನೀವೂ ಅಲ್ಲವೇ? ಅದರಿಂದ ಯಾರ ಬಾಯಿಗೆ ಬೀಗ ಬಿತ್ತೆಂದು ಒಮ್ಮೆಯಾದರೂ ಯೋಚಿಸಿದಿರಾ?

ಚಾಮರಾಜಪೇಟೆಯ ಗೋದಮ್ಮನವರ ಮನೆಯಲ್ಲಿ ಬೀಗ ಬಿದ್ದದ್ದು ಅವರ ಯಜಮಾನರಾದ ಚಕ್ರಪಾಣಿಯವರ ಬಾಯಿಗೆ, ಅದೂ ಎರಡು ಸಲ. ಮೊದಲು 2005ರ ಬೇಸಿಗೆಯಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿ ಹೊರಟುಹೋಯಿತು. ಬರೆಯೋಣವೆಂದರೆ ಕೈನಡುಕ, ಅಕ್ಷರವೆಲ್ಲ ಕಾಗೆಕಾಲು ಗುಬ್ಬಿಕಾಲು. ಬೀದಿಯ ಕೊನೆಯವರೆಗೂ ಕೇಳಿಸುವಂತೆ ಹರಟುತ್ತಿದ್ದವರು ಕಿಟಕಿ ನೋಡುತ್ತ ಕುಳಿತುಬಿಟ್ಟರು. ಒಂದೊಂದೇ ಗುಂಡಿಯನ್ನಾದರೂ ಒತ್ತಬಲ್ಲರಲ್ಲ ಎಂಬ ಆಸೆಯಿಂದ ಗೋದಮ್ಮ, ಅಣ್ಣನ ಮಗ ಮಧುಸೂದನನಿಗೆ ಹೇಳಿ ಕಂಪ್ಯೂಟರ್ ತರಿಸಿದರು.

ಅವನು ಸೀಡಿ ಹಾಕಿ, ಕಾಫಿ ಆರುವುದರೊಳಗೆ ಕೆಲಸ ಮುಗಿಸಿದ. ಮಾವನಿಗೆ ತೋರಿಸಲೆಂದು ತಂದಿದ್ದ ಕನ್ನಡದ ಬರಹವೊಂದನ್ನು ತೆರೆದರೆ ಪರದೆಯ ತುಂಬ ಬರೀ ಖಾಲಿ ಚೌಕಗಳು. ಎರಡನೆಯ ಬೀಗ ಅದೇ. ಚಕ್ರಪಾಣಿಯವರು ಎದ್ದು ಮತ್ತೆ ಕಿಟಕಿಗೆ ಹೋದರು.

“ಇದೇನೋ ಮಧು, ಚೌಕಾಬಾರದ ಮನೆ ಬರೆದಿಟ್ಟಿದೀಯ?”

“ಕನ್ನಡ ಬಂದಿಲ್ಲ ಅತ್ತೆ. ಡಿಫಾಲ್ಟ್ ಕೊಟ್ಬಿಟ್ಟೆ.”

“ಹಾಗಂದ್ರೆ?”

“ನಾವು ಕೇಳ್ದೇನೇ ಅವ್ರೇ ಹಾಕ್ಕೊಡೋದು. ಇಂಗ್ಲಿಷು, ಹಾಡು ಕೇಳೋದು, ಇಸ್ಪೀಟಾಟ...”

“ಊಟಕ್ಕೆ ಮುಂಚೆ ಎಲೆ ತುದಿಗೆ ಉಪ್ಪು ಬಡಿಸ್ತೀವಲ್ಲ, ಹಾಗೆ?”

“ಹಾಗೇ.”

“ಇಸ್ಪೀಟು ಕೇಳ್ದೇನೇ ಬಡಿಸ್ತಾರೆ, ಉಪ್ಪಿನಂಥ ಕನ್ನಡ ಮಾತ್ರ ಕೇಳಿದೋರಿಗಂತೆ! ಯಾವೂರ ಪಂಕ್ತಿನೋ ಇದು? ಹೋಗ್ಲಿ, ನಿನ್ ಬಾಯಿಗೇನಾಗಿತ್ತು? ನೀನು ಕೇಳ್ಬೇಕಿತ್ತಲ್ಲ!”

“ಎಲ್ರೂ ಹೀಗೇ ಮಾಡೋದು ಅತ್ತೆ.”

“ಎಲ್ರ ಮನೇಲೂ ನಿನ್ ಮಾವ ಇಲ್ವಲ್ಲೋ.”

ಮಧುಸೂದನ ತಲೆತಗ್ಗಿಸಿ ಮತ್ತೆ ಮೊದಲಿನಿಂದ ಶುರುಮಾಡಿದ. ಈ ಸಲ ಗೋದಮ್ಮ ಕನ್ನಡಕ ಏರಿಸಿ ಪಕ್ಕದಲ್ಲೇ ಕುಳಿತರು. ಭಾಷೆಗಳ ಸಾಲಿನಲ್ಲಿ ಕನ್ನಡ ಇತ್ತು. ಅದರ ಮುಂದಿನ ಚೌಕ ಮಾತ್ರ ಖಾಲಿ. ದೇವರಿಗೆ ಹೂವೇರಿಸುವ ನಿಧಾನದಲ್ಲಿ ತಾವೇ ಅದಕ್ಕೆ ಗುರುತು ಹಾಕಿದರು.

“ಆ ಇಸ್ಪೀಟು ತೆಗಿ.”

“ಇರ್ಲಿ ಬಿಡಿ ಅತ್ತೆ, ಮಾವ ಆಡ್ತಾರೆ.”

ಕಾಗದದ ಚೂರುಗಳಲ್ಲಿ ಕನ್ನಡದ ಅಕ್ಷರ ಬರೆದು ಗುಂಡಿಗಳ ಮೇಲೆ ಅಂಟಿಸಿ, ಗಂಡನನ್ನು ಕೈಹಿಡಿದು ಕರೆತಂದು ಕೂರಿಸಿದರು. ನಡುಗುವ ಬೆರಳು ಹುಡುಕುತ್ತ ಹುಡುಕುತ್ತ ಹೋಯಿತು. ಪರದೆಯ ಮೇಲೆ ಮೊದಲು ಹೆಂಡತಿಯ ಹೆಸರು ಮೂಡಿತು. ಗೋದಮ್ಮನವರ ಕಣ್ಣು ತುಂಬಿತು. ಬೆರಳು ನಿಲ್ಲಲಿಲ್ಲ.

‘ಗೋದಾ, ತಿಂಗಳಿಂದ ಸಾರಿಗೆ ಉಪ್ಪು ಜಾಸ್ತಿ.’

“ಅಯ್ಯೋ! ಇಷ್ಟು ದಿನ ಸುಮ್ನೆ ತಿಂದ್ರಾ?” ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು ಗೋದಮ್ಮ.

ಬೆರಳು ಮತ್ತೆ ಹುಡುಕಿತು. ‘ಹೇಗೆ ಹೇಳಲಿ?’

ಓದುಗರೇ, ಮುಂದಿನ ಸಲ ಆ ಭಾಷೆಗಳ ಸಾಲು ನಿಮ್ಮ ಮುಂದೆ ಬಂದಾಗ ಒಂದು ಕ್ಷಣ ಕೈ ತಡೆಯಿರಿ. ಯಾರದೋ ಮಾತು ಅಲ್ಲಿ ಕಾದಿರುತ್ತದೆ. ದಯವಿಟ್ಟು ಕನ್ನಡದ ಮುಂದಿನ ಆ ಖಾಲಿ ಚೌಕಕ್ಕೆ ಗುರುತು ಹಾಕಿ.