ತಲೆಯ ಬದಿಯ ಸುರುಳಿ

ಕಮಲಾಕರ ಹೆಗಡೆ ಶಿರಸಿಯ ಅಡಿಕೆ ವಖಾರಿಯಲ್ಲಿ ಗುಮಾಸ್ತ. ವಿಜ್ಞಾನ ಕಲಿತದ್ದು ಸಂಜೆಯ ತರಗತಿಯಲ್ಲಿ. ೧೯೩೬ರ ಆ ದಿನಗಳಲ್ಲಿ ಅವನ ಮನಸ್ಸೆಲ್ಲ ಕುಮಟೆಯಲ್ಲಿ ಹೊಳೆ ಕಡಲು ಸೇರುವ ಅಳಿವೆಯ ಕೆಸರಿನಲ್ಲಿ ಸಿಗುವ ದುಂಡುಹುಳುಗಳ ಮೇಲಿತ್ತು. ಯಾರ ಹೊಟ್ಟೆಯನ್ನೂ ಸೇರದೆ ಸ್ವತಂತ್ರವಾಗಿ ಬಾಳುವ ಹುಳುಗಳು, ಕೂದಲಿಗಿಂತ ಸಪೂರ. ತಲೆಯ ಎರಡೂ ಬದಿಗೆ ಒಂದೊಂದು ಗುಳಿ. ಅದು ಜೇಬಿನಂತಿದ್ದರೆ ಹುಳು ಒಂದು ಗಣಕ್ಕೆ ಸೇರುತ್ತದೆ, ಸುರುಳಿಯಾಗಿದ್ದರೆ ಇನ್ನೊಂದಕ್ಕೆ.

ಕಮಲಾಕರ ಬರೆದ ಚಿತ್ರದಲ್ಲಿ ಸುರುಳಿ ಇತ್ತು. ಬೊಂಬಾಯಿಯ ಪ್ರೊಫೆಸರರೊಬ್ಬರು ಅದನ್ನು ನೋಡಿ, "ಸಣ್ಣ ಮಸೂರದಲ್ಲಿ ಕಣ್ಣು ಮೋಸಹೋಗುತ್ತದೆ. ಸೋಮವಾರ ಕಾರವಾರಕ್ಕೆ ಹೋಗುವಾಗ ಶಿರಸಿಯಲ್ಲಿ ಇಳಿಯುತ್ತೇನೆ, ಜೀವಂತ ಹುಳವನ್ನೇ ನೋಡೋಣ" ಎಂದು ಕಾಗದ ಬರೆದಿದ್ದರು. ತಾನು ಕಂಡದ್ದು ನಿಜವೋ, ಕಾಣಬೇಕೆಂದು ಬಯಸಿದ್ದೋ? ಕಮಲಾಕರನಿಗೆ ಊಟ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಕುಮಟೆಯಿಂದ ಭರಣಿಯಲ್ಲಿ ತರಿಸಿಟ್ಟಿದ್ದ ಕೆಸರು ಒಣಗುತ್ತಿತ್ತು. ಒಣಗಿದ್ದಕ್ಕೆಲ್ಲ ನೀರು ಹೊಯ್ಯುವುದು ತೋಟದವರ ಕೈಯ ಅಭ್ಯಾಸ. ಕಮಲಾಕರ ಬಾವಿಯ ಸಿಹಿನೀರು ಸುರಿದುಬಿಟ್ಟ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉಪ್ಪುನೀರಿನ ಹುಳುಗಳೆಲ್ಲ ಉಬ್ಬಿ ಒಡೆದಿದ್ದವು.

"ಉಪ್ಪಿನಕಾಯಿ ಭರಣಿಗೆ ಬಾವಿ ನೀರು ಹೊಯ್ದಾಂಗಾತು, ತಮಾ" ಎಂದು ತಾಯಿ ಸೀತಾ ನಕ್ಕಳು.

"ನೆಗ್ಯಾಡಡ ಆಯಿ. ನಾಳೆ ಆನು ಪ್ರೊಫೆಸರ್ರಿಗೆ ಎಂತ ತೋರಿಸ್ಲಿ?"

ಅವನು ಪೇಟೆಗೆ ಓಡಿದ. ಕುಮಟೆಗೆ ಹೊರಟಿದ್ದ ಮೋಟಾರಿನ ಚಾಲಕ ಚಾಂದ್ ಪಾಷಾ ತಲೆ ಹೊರಹಾಕಿದ. "ಮತ್ತೆ ಕೆಸರೇನ್ರಿ ಹೆಗಡೇರೆ? ಮೀನು ತಾ ಅನ್ನೋರು ಊರೆಲ್ಲ ಇದಾರೆ, ಕೆಸರು ತಾ ಅನ್ನೋರು ನೀವೊಬ್ಬರೇ!"

"ಅಲ್ಲಿಯ ಉಪ್ಪುನೀರೂ ಬೇಕು ಪಾಷಾ. ದಾರೀಲಿ ಬೇರೆ ನೀರು ಹಾಕಬೇಡ್ರಿ."

"ಘಟ್ಟದ ನೀರು ನನ್ನ ಇಂಜಿನ್ನಿಗೆ, ಸಮುದ್ರದ್ದು ನಿಮ್ಮ ಹುಳಕ್ಕೆ. ಹೋಗ್ರಿ, ಊಟ ಮಾಡ್ರಿ."

ಸೋಮವಾರ ಮಧ್ಯಾಹ್ನ ಪ್ರೊಫೆಸರರು ತಮ್ಮ ದೊಡ್ಡ ಮಸೂರವನ್ನು ಕಮಲಾಕರನ ಸೂಕ್ಷ್ಮದರ್ಶಕಕ್ಕೆ ಜೋಡಿಸುವ ಹೊತ್ತಿಗೆ ಪಾಷಾ ಭರಣಿಯೊಂದಿಗೆ ಬಂದ. ಗಾಜಿನ ಮೇಲೆ ಹುಳು ಬೆನ್ನು ಮೇಲಾಗಿ ಮಲಗಿತ್ತು, ತಲೆಯ ಬದಿ ಕಾಣಲಿಲ್ಲ. ಕಮಲಾಕರ ಉಸಿರು ಹಿಡಿದು, ಸೂಜಿಯಿಂದ ಮುಚ್ಚುಗಾಜನ್ನು ತುಸುವೇ ಸರಿಸಿದ. ಹುಳು ಮಗ್ಗುಲಾಯಿತು.

ಪ್ರೊಫೆಸರರು ಬಹಳ ಹೊತ್ತು ನೋಡಿದರು. "ಸುರುಳಿಯೇ! ಚರ್ಮದ ಮೇಲೆ ಉಂಗುರಗಳು, ಬಾಲದಲ್ಲಿ ಅಂಟು ಸುರಿಸುವ ಗ್ರಂಥಿಗಳು, ಎಲ್ಲವೂ ನೀವು ಬರೆದ ಹಾಗೆಯೇ. ನೀವು ಹೇಳಿದ ಗಣವೇ ಸರಿ."

ಪಾಷಾ ಬಗ್ಗಿ ನೋಡಿದ. "ಅರೇ, ಇಷ್ಟು ಸಣ್ಣದಕ್ಕೆ ಇಂಥ ಕಸೂತಿ ಯಾರು ಹಾಕಿದಾರ್ರಿ!"

ಪ್ರೊಫೆಸರರು ಲೇಖನಿ ತೆಗೆದರು. "ಇದನ್ನು ಪ್ರಕಟಿಸಬೇಕು. ಯಾರ ಹೆಸರು ಹಾಕಲಿ?"

"ಸಂಗ್ರಹಿಸಿದವರು ಚಾಂದ್ ಪಾಷಾ" ಎಂದ ಕಮಲಾಕರ. ಮುಂದಿನ ಮಾತಿಗೆ ಅವನ ದನಿ ತಗ್ಗಲಿಲ್ಲ. "ಗುರುತಿಸಿ ಬರೆದವನು ನಾನು, ಶಿರಸಿಯ ಕಮಲಾಕರ ಹೆಗಡೆ."