ಏರಿಯಮ್ಮನ ರೆಪ್ಪೆ

“ನಿಮ್ಮ ಸಿನಿಮಾ ನೋಡ್ದಾಗಿಂದ ನಮ್ಮತ್ತೆ ಕೆರೆ ಏರಿ ಬಿಟ್ಟು ಏಳ್ತಾ ಇಲ್ಲ ಕಣ್ರೀ,” ಎಂದಳು ಗೌರಮ್ಮ, ಹಾಲು ಸುರಿಯುತ್ತಲೇ. ಬೈಗುಳವಲ್ಲ, ಎಮ್ಮೆ ಮೇವು ಬಿಟ್ಟಿದೆ ಎನ್ನುವಾಗಿನ ದನಿ. “ನಾಕ್ ದಿನ ಆಯ್ತು. ಅಗ್ಲೂ ರಾತ್ರಿ ಅಲ್ಲೇ ಕೂತವ್ಳೆ. ಮುದ್ದೆ ತಕ್ಕೊಂಡೋದ್ರೆ, ಬಗ್ಗಿ ಉಂಡ್ರೆ ಕಣ್ಣು ಕೆಳಗಾಯ್ತದೆ ಅಂತಾಳೆ.”

ಯಲಹಂಕದ ಬಾಡಿಗೆ ಕೋಣೆಯ ಬಾಗಿಲಲ್ಲಿ ಕಾಶಿನಾಥ ಪಾತ್ರೆ ಹಿಡಿದು ನಿಂತೇ ಇದ್ದ. ಗದಗಿನ ಕಡೆಯವನು. ವಾರಕ್ಕೆ ಆರು ದಿನ ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆಯುತ್ತಿದ್ದ, ಏಳನೆಯ ದಿನ ಕಾರ್ಟೂನ್ ಸಿನಿಮಾದ ಚಿತ್ರ. ಎರಡು ವರ್ಷದ ಭಾನುವಾರಗಳೆಲ್ಲ ಸೇರಿ ಏಳು ನಿಮಿಷವಾಗಿದ್ದವು.

ಕಥೆ ಕೊಟ್ಟವಳು ಗೌರಮ್ಮನ ಅತ್ತೆ ಮುನಿಕೆಂಪಮ್ಮ. ಪುಟ್ಟೇನಹಳ್ಳಿ ಕೆರೆ ಏರಿಯ ಮೇಲೆ ಏರಿಯಮ್ಮ ಎಂದು ಊರವರು ಪೂಜಿಸುವ ಒಂದು ಕಲ್ಲಿದೆ. ಅದಕ್ಕೆ ಎರಡು ಬೆಳ್ಳಿಯ ಕಣ್ಣು, ಬೇರೇನೂ ಇಲ್ಲ. ವರ್ಷವರ್ಷವೂ ಏರಿ ಒಡೆಯುತ್ತಿದ್ದ ಕಾಲದಲ್ಲಿ ಊರಗೌಡ ಒಬ್ಬ ಹುಡುಗಿಯನ್ನು ಕಾವಲಿಗೆ ಕೂರಿಸಿ, “ನಾ ಬರೋವರ್ಗೂ ಕಣ್ಣು ಮುಚ್ಚಬ್ಯಾಡ” ಎಂದು ಹೇಳಿ ಮನೆಗೆ ಹೋದನಂತೆ. ಮತ್ತೆ ಬರುವ ಇರಾದೆ ಅವನಿಗೆ ಇರಲಿಲ್ಲ. ಅವಳು ಇನ್ನೂ ಮುಚ್ಚಿಲ್ಲ. ಏರಿಯೂ ಒಡೆದಿಲ್ಲ.

“ಕತೆ ತಕ್ಕೊಂಡೋಗು,” ಎಂದಿದ್ದಳು ಮುದುಕಿ. “ಆದ್ರೆ ಅವ್ಳ ಕಣ್ಣು ಮುಚ್ಚುಸ್ಬ್ಯಾಡ. ಮಾತು ಕೊಡು.” ಕಾಶಿನಾಥ ಆ ಕಲ್ಲನ್ನು ಮುಟ್ಟಿ ಮಾತು ಕೊಟ್ಟಿದ್ದ.

ಆಮೇಲೆ ಹಣ ಕೊಡುವ ಮುಂಬಯಿಯ ಸಂಸ್ಥೆಯಿಂದ ಕಾಗದ ಬಂತು. ಗೌಡನ ನಡಿಗೆ ಬಹಳ ಚೆನ್ನಾಗಿದೆ (ಅದನ್ನು ಕಾಶಿನಾಥ ಕಾರ್ಖಾನೆಯ ತನ್ನ ಸೆಕ್ಷನ್ ಹೆಡ್ಡನ್ನು ನೋಡಿ ಬರೆದಿದ್ದ), ಆದರೆ ದೇವಿ ಕ್ಯಾಲೆಂಡರ್ ಚಿತ್ರದ ಹಾಗೆ ಕೂತಿದ್ದಾಳೆ, ಒಮ್ಮೆ ರೆಪ್ಪೆ ಬಡಿಯಲಿ, ಜೀವ ಬರುತ್ತದೆ. ಕಾಶಿನಾಥ ಮೂರು ದಿನ ಒದ್ದಾಡಿದ. ನಾಲ್ಕನೆಯ ದಿನ ರೆಪ್ಪೆ ಬರೆದ. ಜೀವ ಬಂದದ್ದೂ ನಿಜ. ಒಂದು ಸೆಕೆಂಡಿನ ಮೂರರಲ್ಲೊಂದು ಪಾಲು. ಯಾರ ಗಮನಕ್ಕೂ ಬರುವುದಿಲ್ಲ ಎಂದುಕೊಂಡ.

ಶಾಲೆಯ ಗೋಡೆಯ ಮೇಲೆ ಊರವರಿಗೆ ತೋರಿಸಿದಾಗ ಯಾರ ಗಮನಕ್ಕೂ ಬರಲಿಲ್ಲ. ಮಕ್ಕಳು ಗೌಡನ ನಡಿಗೆಗೆ ಬಿದ್ದು ಬಿದ್ದು ನಕ್ಕವು. ನಡುವೆಯೇ ಮುನಿಕೆಂಪಮ್ಮ ಎದ್ದು ಹೋದಳು. ವಯಸ್ಸಾಯಿತು, ಕಣ್ಣು ನೊಂದಿರಬೇಕು ಎಂದು ಅವನು ಸಮಾಧಾನ ಮಾಡಿಕೊಂಡಿದ್ದ.

ಗೌರಮ್ಮ ಹೋದ ಮೇಲೆ ಮಂಚದ ಕೆಳಗಿಂದ ಫಿಲ್ಮಿನ ಸುರುಳಿ ತೆಗೆದ. ರೆಪ್ಪೆ ಬಡಿಯುವ ಎಂಟು ಚೌಕಗಳ ತುಂಡನ್ನು ಬ್ಲೇಡಿನಿಂದ ಕತ್ತರಿಸಿದ. ಮೂರು ಬೆರಳಗಲ, ಅಷ್ಟೆ. ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಸೈಕಲ್ ಹತ್ತಿದ.

“ಬಂದ್ಯಾ ಕಾಸಿನಾತಪ್ಪ. ಕೂತ್ಕ,” ಎಂದಳು ಮುನಿಕೆಂಪಮ್ಮ ಕತ್ತು ತಿರುಗಿಸದೆ. ಕಣ್ಣು ಕೆಂಡದ ಹಾಗಿದ್ದವು. ಪಕ್ಕದಲ್ಲಿ ಮುದ್ದೆಯ ತಟ್ಟೆಗೆ ಇರುವೆ ಮುತ್ತಿತ್ತು.

“ಊಟಾ ಬಿಟ್ಟೀಯಂತಲ್ಲ ಯವ್ವಾ.”

“ಅವ್ಳು ಅರೆಗಳಿಗೆ ಕಣ್ ಮುಚ್ಚುದ್ಲು, ನಾ ಕಂಡೆ. ನೀನು ಮುಚ್ಚುಸಲ್ಲ ಅಂತ ಮಾತು ಕೊಟ್ಟೋನು. ಅಂದ್ಮೇಲೆ ಅವ್ಳೇ ಮುಚ್ಚವ್ಳೆ. ದಣಿದವ್ಳೆ ಪಾಪ. ಅವ್ಳ ಬದ್ಲು ಯಾರಾದ್ರೂ ಒಸಿ ಕಾವ್ಲು ಕೂರ್ಬೇಕಲ್ಲಪ್ಪ.”

ಬೈಗುಳಕ್ಕೆ ಕಾಶಿನಾಥ ದಾರಿಯುದ್ದಕ್ಕೂ ಉತ್ತರ ಕಟ್ಟಿಕೊಂಡು ಬಂದಿದ್ದ. ಅದನ್ನೆಲ್ಲ ಬಿಟ್ಟು ಬೆಂಕಿಪೊಟ್ಟಣ ತೆರೆದು ಆ ತುಂಡನ್ನು ಅವಳ ಅಂಗೈಯಲ್ಲಿಟ್ಟ.

“ಆಕಿ ಮುಚ್ಚಿಲ್ಲವ್ವಾ. ನಾನ ಬರದೀನಿ. ಮುಂಬೈದವರು ಬರೀ ಅಂದ್ರು, ಬರದೆ.”

ಮುದುಕಿ ತುಂಡನ್ನು ಬಿಸಿಲಿಗೆ ಹಿಡಿದಳು. ಒಂದೊಂದೇ ಚೌಕ ದಾಟಿಸಿದಳು. ನಡುವಿನ ಎರಡರಲ್ಲಿ ಕಣ್ಣು ಪೂರ್ತಿ ಮುಚ್ಚಿತ್ತು. ಮತ್ತೆ ಮೊದಲಿನಿಂದ ನೋಡಿದಳು.

“ಸದ್ಯ,” ಎಂದಳು ಕೊನೆಗೆ. “ಮಾತು ತಪ್ಪಿದ್ದು ನೀನು. ಅವ್ಳಲ್ಲ.”

ಕಾಶಿನಾಥ ತಲೆ ತಗ್ಗಿಸಿದ.

“ಕತ್ತರಿಸಿ ತಂದ್ಯಲ್ಲ, ಒಳ್ಳೇದಾಯ್ತು ಬಿಡು. ಇನ್ನೆಲ್ಲೂ ಇಲ್ವಲ್ಲ ಇದು?”

ಮುಂಬಯಿಯಲ್ಲಿ ಮೂಲ ನೆಗೆಟಿವ್ ಇತ್ತು. ಅದರಿಂದ ತೆಗೆದ ನಾಲ್ಕು ಪ್ರತಿಗಳಲ್ಲಿ ಒಂದು ದಿಲ್ಲಿಗೆ ಹೊರಟಾಗಿತ್ತು, ಒಂದು ಮುಂದಿನ ತಿಂಗಳು ವಿದೇಶಕ್ಕೆ ವಿಮಾನ ಹತ್ತಲಿತ್ತು.

“ಇಲ್ಲ ಬಿಡವ್ವಾ,” ಎಂದ ಕಾಶಿನಾಥ. “ಎಲ್ಲ್ಯೂ ಇಲ್ಲ.”

ಮುನಿಕೆಂಪಮ್ಮ ತುಂಡನ್ನು ಸೆರಗಿನ ಗಂಟಿಗೆ ಹಾಕಿ ಬಿಗಿದಳು. ಅಲ್ಲೇ ಕಲ್ಲಿಗೊರಗಿ ಕಾಲು ಚಾಚಿದಳು; ಎರಡು ಉಸಿರು ಎಳೆಯುವಷ್ಟರಲ್ಲಿ ನಿದ್ದೆ ಹತ್ತಿತು, ಬಾಯಿ ಸ್ವಲ್ಪ ತೆರೆಯಿತು. ಅವಳ ತಲೆಯ ಮೇಲೆ ಬೆಳ್ಳಿಯ ಕಣ್ಣುಗಳು ಹೊಳೆಯುತ್ತಿದ್ದವು.

ಕಾಶಿನಾಥ ತಟ್ಟೆಯ ಇರುವೆ ಕೊಡವಿ ಬದಿಗಿಟ್ಟ. ಏಳಲು ಹೋಗಿ ಮತ್ತೆ ಕುಳಿತ. ಏರಿಯ ಮೇಲಿನ ಧೂಳು ಎದ್ದು ಮುಖಕ್ಕೆ ಹೊಡೆಯಿತು. ಅವನು ಕಣ್ಣು ಮುಚ್ಚಲಿಲ್ಲ, ಉಜ್ಜಿಕೊಳ್ಳಲೂ ಇಲ್ಲ. ನೀರು ತುಂಬಿಕೊಂಡರೂ ಹಾಗೇ ಬಿಟ್ಟುಕೊಂಡು ಕೆರೆಯ ಕಡೆಗೆ ನೋಡುತ್ತ ಕುಳಿತ.