ರೇಡಿಯೋ ಹಾಕಿದ ಗುರುತು

ಸುದ್ದಿ ತಿಳಿದ ದಿನ ಬೈಂಡರು ಟಿವಿ ಅಂಗಡಿಯಲ್ಲಿ ನಿಂತು ಕೆಂಡ ಕಾರುತ್ತಿದ್ದರು.

ಹತ್ತೂವರೆಗೆ ಅಂಗಡಿ ಬಾಗಿಲಲ್ಲೇ ಸಿಗುತ್ತೇನೆಂದಿದ್ದ ಭಾವಮೈದುನ ಹನ್ನೊಂದೂಕಾಲಾದರೂ ಪತ್ತೆಯಿಲ್ಲ. ಫೋನ್ ಮಾಡಿದರೆ ಅದು ಬಡಕೊಂಡು ಬಡಕೊಂಡು ತಾನೇ ಸುಮ್ಮನಾಗುತ್ತಿತ್ತು. ಒಂಬತ್ತು ಸಲ ಮಾಡಿದ್ದಾಯಿತು. ಅವನಿಗೆ ರೇಡಿಯೋ ಎಂದೇ ಹೆಸರು. ನಲವತ್ತು ವರ್ಷ ರೇಡಿಯೋ, ಟಿವಿ ರಿಪೇರಿ ಮಾಡಿದವನು ಎಂಬುದೊಂದು ಕಾರಣ. ಬಾಯಿ ತೆರೆದರೆ ಆರಿಸಲು ಗುಂಡಿಯಿಲ್ಲ ಎಂಬುದು ಇನ್ನೊಂದು. ಅಂಥವನು ಇವತ್ತೇ ಮೂಕನಾಗಬೇಕೆ!

"ಇದರಲ್ಲಿ ಕಪ್ಪು ಅಂದ್ರೆ ನಿಜವಾದ ಕಪ್ಪು ಸಾರ್," ಎಂದ ಅಂಗಡಿಯವನು, ಬಾಗಿಲಿನಷ್ಟು ದೊಡ್ಡ ಪರದೆಯೊಂದನ್ನು ತೋರಿಸುತ್ತ.

"ಮತ್ತೆ ಪಕ್ಕದ್ದರಲ್ಲಿ?"

"ಅದರಲ್ಲಿ ಸ್ವಲ್ಪ ಬೂದು ಸಾರ್."

"ಕಪ್ಪು ಕಟ್ಟಿಕೊಂಡು ನಾನೇನು ಮಾಡ್ಲಪ್ಪ? ನನ್ನ ಹೆಂಡತಿಗೆ ಬೇಕಿರೋದು ಅಕ್ಷರ. ಕೆಳಗಡೆ ಅಕ್ಷರ ಬರುತ್ತಲ್ಲ, ಅದು ಕಾಣಬೇಕು. ಅಷ್ಟೇ."

"ಎಲ್ಲದರಲ್ಲೂ ಅಕ್ಷರ ಬರುತ್ತೆ ಸಾರ್."

"ಹಾಗಾದ್ರೆ ಈ ಇಪ್ಪತ್ತು ಥರ ಯಾಕೆ ಇಟ್ಟಿದ್ದೀಯ?"

ಸಾಲಾಗಿ ನಿಂತ ಇಪ್ಪತ್ತು ಪರದೆಗಳಲ್ಲಿ ಒಂದೇ ಗಿಳಿ ಇಪ್ಪತ್ತು ಸಲ ರೆಕ್ಕೆ ಬಿಚ್ಚಿತು. ಬೈಂಡರಿಗೆ ಕಣ್ಣು ಕತ್ತಲೆ ಬಂದಂತಾಯಿತು. ನಲವತ್ತೆರಡು ವರ್ಷ ಪುಸ್ತಕಕ್ಕೆ ರಟ್ಟು ಕಟ್ಟಿದ ಮನುಷ್ಯ. ಒಂದು ಕೆಲಸ, ಒಂದು ಅಳತೆ, ಒಂದು ಮೂಲೆಮಟ್ಟ, ಇದಿಷ್ಟೇ ಅವರು ಕಂಡ ಲೋಕ. ಅವರ ಬೆನ್ನುಹುರಿ ಇಂಚುಪಟ್ಟಿಯದು ಎಂದು ರೇಡಿಯೋ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಟಿವಿ ಬೇಕಾದದ್ದು ಬೈಂಡರ ಹೆಂಡತಿಗೆ, ಅಂದರೆ ರೇಡಿಯೋನ ಅಕ್ಕನಿಗೆ. ಬೆನ್ನು, ಕುತ್ತಿಗೆಯ ಆಪರೇಷನ್ ಆದಮೇಲೆ ಆಕೆ ಮನೆ ಬಿಟ್ಟು ಹೊರಗೆ ಹೋಗಿರಲಿಲ್ಲ. ವಾರವಾರದ ಪ್ರಾರ್ಥನೆಗೆ ತಪ್ಪದೆ ಹೋಗುತ್ತಿದ್ದವಳು ಈಗ ಅದನ್ನು ಟಿವಿಯಲ್ಲೇ ನೋಡಬೇಕು. ಹಾಡಿನ ಸಾಲುಗಳು ಪರದೆಯ ಕೆಳಗೆ ಬರುತ್ತವೆ. ಹಳೆಯ ಪುಟ್ಟ ಟಿವಿಯಲ್ಲಿ ಅವು ಇರುವೆ ಹರಿದಂತೆ ಹರಿದುಹೋಗುತ್ತಿದ್ದವು.

"ದೊಡ್ಡದು ತರೋಣ. ಆದ್ರೆ ನಾನು ಬರದೆ ತಗೋಬೇಡಿ ಭಾವ, ನಿಮಗೆ ಟೋಪಿ ಹಾಕ್ತಾರೆ," ಎಂದಿದ್ದವನು ರೇಡಿಯೋನೇ. ಹಾಗೆಂದವನು ಈಗ ಎಲ್ಲಿ ಹಾಳಾಗಿ ಹೋದ?

ಬೈಂಡರು ಫೋನಿನ ಮೈಕಿನ ಗುರುತನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಧ್ವನಿ ಸಂದೇಶ ಕಳಿಸುವುದನ್ನೂ ಅವನೇ ಕಲಿಸಿದ್ದ.

"ಏನೋ, ನನ್ನನ್ನ ಏನಂದ್ಕೊಂಡಿದ್ದೀಯ? ಮುಕ್ಕಾಲು ಗಂಟೆಯಿಂದ ಗಿಳಿ ನೋಡ್ತಾ ನಿಂತಿದ್ದೀನಿ. ನಿನ್ನ ಉಪಕಾರ ಸಾಕು. ಇನ್ನು ನನ್ನ ಮನೆ ಹೊಸ್ತಿಲು ತುಳಿಯಬೇಡ!"

ಸಿಟ್ಟಿನಲ್ಲಿ ಇನ್ನೂ ಏನೇನೋ ಗೊಣಗಿದರು, ಅದೇನೆಂದು ಅವರಿಗೇ ನೆನಪಿಲ್ಲ. ಆಮೇಲೆ ಹೆಬ್ಬೆರಳು ತೆಗೆದರು. ಸಂದೇಶ ಹೋಯಿತು.

ಹತ್ತು ನಿಮಿಷ ಕಳೆದು ಫೋನ್ ಬಂತು. ಮಾತಾಡಿದ್ದು ರೇಡಿಯೋನ ಮಗಳು. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು, ಯಾವತ್ತೂ ಗಟ್ಟಿ ದನಿಯವಳು. ಇವತ್ತು ದನಿಯೇ ಇರಲಿಲ್ಲ.

"ಮಾವ... ಅಪ್ಪ ಹೋಗಿಬಿಟ್ರು. ಒಂಬತ್ತು ಗಂಟೆಗೆ. ಶೂ ಲೇಸು ಕಟ್ಟಿಕೊಳ್ತಾ ಇದ್ರು, ಹಾಗೇ ಪಕ್ಕಕ್ಕೆ ವಾಲಿದ್ರು. ನಿಮ್ಮ ಹತ್ರ ಬರೋಕೇ ಹೊರಟಿದ್ದು."

ಇಪ್ಪತ್ತು ಗಿಳಿಗಳು ಒಟ್ಟಿಗೆ ರೆಕ್ಕೆ ಮಡಚಿದವು.

ಮಣ್ಣು ಮುಗಿಯಿತು, ಬಂದವರು ಹೋದರು. ಬೈಂಡರ ಎದೆಯೊಳಗೆ ಮಾತ್ರ ಆ ಸಂದೇಶ ಮುಳ್ಳಾಗಿ ಉಳಿಯಿತು. ಅವನು ಉಸಿರು ಬಿಟ್ಟು ಎರಡು ಗಂಟೆಯಾದ ಮೇಲೆ ಅವನಿಗೆ ಹೊಸ್ತಿಲು ತುಳಿಯಬೇಡ ಎಂದವರು ತಾವು. ಅದು ಅವನ ಫೋನಿನಲ್ಲಿ ಹಾಗೇ ಕುಳಿತಿದೆ. ಫೋನು ಮಗಳ ಕೈಯಲ್ಲಿದೆ. ಇವತ್ತಲ್ಲ ನಾಳೆ ಆ ಹುಡುಗಿ ಕೇಳುತ್ತಾಳೆ, ಅಕ್ಕನಾದವಳಿಗೂ ಕೇಳಿಸುತ್ತಾಳೆ. ಆಮೇಲೆ ಈ ಮನೆಯಲ್ಲಿ ತಾವು ಯಾವ ಮುಖ ಹೊತ್ತು ಓಡಾಡುವುದು? ದಿನವೂ ಪ್ರಾರ್ಥನೆಗೆ ಕೂತಾಗ ಇದೊಂದೇ ಪ್ರಶ್ನೆ ನಾಲಿಗೆಗೆ ಅಡ್ಡ ಬರುತ್ತಿತ್ತು.

ಒಂದು ತಿಂಗಳಾದ ಮೇಲೆ ಹೆಂಡತಿ ಹೇಳಿದಳು: "ಟಿವಿ ತನ್ನಿ. ತಮ್ಮ ಹೊರಟಿದ್ದ ಕೆಲಸ, ಅರ್ಧಕ್ಕೆ ನಿಲ್ಲೋದು ಬೇಡ."

ಮತ್ತೆ ಅದೇ ಅಂಗಡಿ, ಅದೇ ಗಿಳಿ. ಬೈಂಡರು ಅಂಗಡಿಯವನಿಗೆ ಕಪ್ಪು, ಬೂದು ಎಂಬ ಮಾತೆತ್ತಲು ಬಿಡದೆ, ಜೇಬಿನಿಂದ ಪ್ರಾರ್ಥನೆಯ ಪುಸ್ತಕ ತೆಗೆದು ಒಂದು ಪರದೆಯ ಪಕ್ಕ ಹಿಡಿದು, "ಇದರ ಹತ್ತರಷ್ಟು ದೊಡ್ಡ ಅಕ್ಷರ ಯಾವುದರಲ್ಲಿ ಬರುತ್ತೋ ಅದು ಕೊಡು," ಎಂದರು. ಐವತ್ತೈದು ಇಂಚಿನದು ಎಂದು ತೀರ್ಮಾನವಾಯಿತು. ಪಟ್ಟಿ ಹಿಡಿದು ನೋಡಿದರೆ ಅಡ್ಡಕ್ಕೆ ನಲವತ್ತೆಂಟೇ ಇಂಚು!

"ಏಳು ಇಂಚು ಎಲ್ಲಿ ಹೋಯ್ತಪ್ಪ?"

"ಮೂಲೆಯಿಂದ ಮೂಲೆಗೆ ಅಳೀಬೇಕು ಸಾರ್."

"ಮೂಲೆಯಿಂದ ಮೂಲೆಗೆ ಯಾರಾದ್ರೂ ಅಳೀತಾರೇನಯ್ಯ? ನಾನು ಹಾಗೆ ಅಳೆದಿದ್ರೆ ಒಂದು ಪುಸ್ತಕವೂ ರಟ್ಟಿನೊಳಗೆ ಕೂರ್ತಿರಲಿಲ್ಲ." ಅಲ್ಲಿ ರೇಡಿಯೋ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆ ನೆನಪಾಗಿ ಬೈಂಡರು ಪಟ್ಟಿ ಜೇಬಿಗಿಟ್ಟು ಹಣ ಎಣಿಸಿದರು.

ಟಿವಿ ಮನೆಗೆ ಬಂದ ದಿನ ಕೂರಿಸುವ ಮೆಕ್ಯಾನಿಕ್ಕು ಹತ್ತು ಗಂಟೆಗೆ ಎಂದವನು ಒಂದಕ್ಕೆ ಬಂದ. ಕಿವಿಯ ಹಿಂದೆ ಪೆನ್ಸಿಲು, ಭುಜಕ್ಕೂ ಕೆನ್ನೆಗೂ ನಡುವೆ ಫೋನು. ಗೋಡೆ ನೋಡಿದವನೇ, "ಇಲ್ಲಿ ಯಾರೋ ಗುರುತು ಹಾಕಿದ್ದಾರಲ್ಲ ಸಾರ್?" ಎಂದ.

ಹಾಕಿದವನು ರೇಡಿಯೋ. ಸಾಯುವ ಒಂದು ವಾರ ಮುಂಚೆ ಬಂದು, ಅಕ್ಕನ ಜೊತೆ ಹರಟಿ, ಹೋಗುವಾಗ ಗೋಡೆಯ ಮೇಲೊಂದು ಕೂಡಿಸುವ ಗುರುತು ಗೀಚಿ, "ಟಿವಿಯ ನಟ್ಟನಡು ಇಲ್ಲಿಗೆ ಬರಬೇಕು ಭಾವ," ಎಂದಿದ್ದ. ಬೈಂಡರು ಪಟ್ಟಿ ಹಿಡಿದು ನೋಡಿದರು. ಸರಿಯಾದ ನಡುವಿನಿಂದ ಒಂಬತ್ತು ಇಂಚು ಎಡಕ್ಕೆ, ಹದಿನೇಳು ಇಂಚು ಕೆಳಕ್ಕೆ! "ಇದೇನು ಬೆಕ್ಕು ನೋಡೋಕಾ?" ಎಂದು ರಬ್ಬರಿನಿಂದ ಉಜ್ಜಿದರು. ಅವನು ಮತ್ತೆ ಹಾಕಿದ, ಇವರು ಮತ್ತೆ ಉಜ್ಜಿದರು. ಮೂರನೆಯ ಸಲ ಅವನು ಜೇಬಿನಿಂದ ನೀಲಿ ಮಾರ್ಕರ್ ತೆಗೆದು ದಪ್ಪಗೆ ಬರೆದ. "ಈಗ ಉಜ್ಜಿ ನೋಡೋಣ," ಎಂದು ನಗುತ್ತಲೇ ಮೆಟ್ಟಿಲಿಳಿದು ಹೋದ. ಯಾಕೆ ಅಲ್ಲಿ ಎಂದು ಕೇಳಿದ್ದಕ್ಕೆ, "ಟಿವಿ ಬರಲಿ, ಆಗ ತೋರಿಸ್ತೀನಿ," ಎಂದಿದ್ದ, ಅಷ್ಟೇ.

"ಅದನ್ನ ಬಿಡಪ್ಪ," ಎಂದರು ಬೈಂಡರು. "ಗೋಡೆಯ ನಡುವಿಗೆ ಹಾಕು. ನೂಲು ಹಿಡಿದು ನೋಡ್ತೀನಿ, ಒಂದು ಕೂದಲೆಳೆ ಆಚೀಚೆ ಆಗಬಾರದು."

ಡ್ರಿಲ್ಲು ಅರಚಿತು, ಸುಣ್ಣ ಉದುರಿತು, ನಾಲ್ಕು ತೂತು ಬಿದ್ದವು. ಟಿವಿ ಮೇಲೇರಿತು. ಮೂಲೆಮಟ್ಟಕ್ಕೆ ಸರಿಯಾಗಿತ್ತು, ಕುಂದು ಹೇಳುವಂತಿರಲಿಲ್ಲ. ಆದರೆ ಪರದೆಯ ಕೆಳಗೆ ಮೂರು ಇಂಚಿನಾಚೆ ಆ ನೀಲಿ ಗುರುತು ಹಲ್ಲು ಕಿರಿಯುತ್ತಿತ್ತು. ಬೈಂಡರು ಒದ್ದೆ ಬಟ್ಟೆ ತಂದು ತಿಕ್ಕಿದರು, ಸೋಪು ಹಾಕಿ ತಿಕ್ಕಿದರು. ಗೋಡೆಯ ಬಣ್ಣ ಹೋಯಿತು, ಗುರುತು ಹೋಗಲಿಲ್ಲ.

"ಹೋಗಿಯೂ ನನ್ನ ಪ್ರಾಣ ತಿಂತಾನಲ್ಲ," ಎಂದು ಗೊಣಗಿದವರು, ಹೆಂಡತಿ ಕೇಳಿಸಿಕೊಂಡಳೇನೋ ಎಂದು ತಿರುಗಿ ನೋಡಿದರು. ಆಕೆ ಕಣ್ಣು ಮುಚ್ಚಿ ಒರಗಿದ್ದಳು.

ಮೆಕ್ಯಾನಿಕ್ಕು ಹೋದ ಮೇಲೆ ಟಿವಿ ತಾನೇ ಪ್ರಶ್ನೆ ಕೇಳಲು ಶುರುಮಾಡಿತು. ನೀವು ಯಾವ ದೇಶ? ಯಾವ ಭಾಷೆ? ಒಪ್ಪುತ್ತೀರಾ? ಒಪ್ಪಿದರೆ ಇನ್ನೊಂದಕ್ಕೂ ಒಪ್ಪುತ್ತೀರಾ? ಗುಪ್ತಪದ ಕೊಡಿ. ತಪ್ಪಾಯಿತು, ಮತ್ತೆ ಕೊಡಿ.

"ಹೆಣ್ಣು ನೋಡೋಕೆ ಬಂದವರೂ ಇಷ್ಟು ಕೇಳಿರಲಿಲ್ಲ," ಎಂದಳು ಹೆಂಡತಿ ಕಣ್ಣು ತೆರೆಯದೆಯೇ.

ಬೈಂಡರು ರಿಮೋಟನ್ನು ಸೋಫಾದ ಮೇಲೆಸೆದು, ಬೇರೆ ದಾರಿಯಿಲ್ಲದೆ ರೇಡಿಯೋನ ಮಗಳಿಗೆ ಫೋನ್ ಮಾಡಿದರು. ಅವಳು ಶಾಲೆ ಬಿಟ್ಟವಳೇ ನೆಟ್ಟಗೆ ಬಂದಳು. ಚೀಲದಿಂದ ಎರಡು ಫೋನು ತೆಗೆದು ಮೇಜಿನ ಮೇಲಿಟ್ಟಳು. ಒಂದರ ಗಾಜು ಮೂಲೆಯಲ್ಲಿ ಸೀಳಿತ್ತು. ಅದು ರೇಡಿಯೋನದು.

"ಇದು ಯಾಕಮ್ಮ?"

"ಅಪ್ಪನ ಎಲ್ಲ ಗುಪ್ತಪದಗಳೂ ಇದರಲ್ಲೇ ಇವೆ ಮಾವ. ನಿಮ್ಮ ಮನೆ ಇಂಟರ್ನೆಟ್ಟಿನದೂ ಅವರೇ ಇಟ್ಕೊಂಡಿದ್ರು. ಏನು ಗೊತ್ತಾ ಅದು? ಇಂಚುಪಟ್ಟಿ!"

ಹೆಂಡತಿ ಕಿಸಕ್ಕನೆ ನಕ್ಕಳು. ಒಂದು ತಿಂಗಳಲ್ಲಿ ಅದು ಮೊದಲ ನಗು. ಬೈಂಡರಿಗೆ ನಗಲಾಗಲಿಲ್ಲ; ಕಣ್ಣು ಆ ಸೀಳುಗಾಜಿನ ಮೇಲೇ ನೆಟ್ಟಿತ್ತು. ಸ್ವಲ್ಪ ಹೊತ್ತಿನಲ್ಲಿ ಪರದೆ ತುಂಬ ಬೆಳಕಾಯಿತು. ಹುಡುಗಿ ಅತ್ತೆಯನ್ನು ಹಿಡಿದೆಬ್ಬಿಸಿ, ಮುಖ ತೊಳೆಸಿಕೊಂಡು ಬರುತ್ತೇನೆಂದು ಒಳಗೆ ಕರೆದೊಯ್ದಳು.

ಬೈಂಡರು ಕೂರಲು ಜಾಗ ಹುಡುಕಿದರು. ಅವರ ಕುರ್ಚಿಯ ಮೇಲೆ ಟಿವಿಯ ಪೆಟ್ಟಿಗೆ, ಸೋಫಾದ ತುಂಬ ಥರ್ಮಾಕೋಲು. ಉಳಿದದ್ದು ಹೆಂಡತಿಯ ತಗ್ಗು ಕುರ್ಚಿ. ಕಿಟಕಿಯ ಪಕ್ಕ, ಟಿವಿಯ ಎದುರುಗೋಡೆಗೆ ಅಂಟಿಕೊಂಡ ಜಾಗ ಅದು. ಎದ್ದು ಕೂರಲು ಆಸರೆಯಾಗಲೆಂದು ಪಕ್ಕದಲ್ಲಿ ಕಬ್ಬಿಣದ ಹಿಡಿಯೊಂದನ್ನು ರೇಡಿಯೋನೇ ಗೋಡೆಗೆ ಹೊಡೆದಿದ್ದ. ಆದ್ದರಿಂದ ಕುರ್ಚಿಯನ್ನು ಎತ್ತಿಡುವಂತಿರಲಿಲ್ಲ. ಎಂಟು ತಿಂಗಳಿಂದ ಕುರ್ಚಿ ಅಲ್ಲೇ ಇತ್ತು. ಎಂಟು ತಿಂಗಳಲ್ಲಿ ಬೈಂಡರು ಒಂದು ಸಲವೂ ಅದರಲ್ಲಿ ಕೂತಿರಲಿಲ್ಲ.

ಕೂತರು. ಬೆನ್ನು ಹಿಂದಕ್ಕೆ ಒರಗಿತು. ತಲೆಯೆತ್ತಿ ನೋಡಿದರೆ ಪರದೆಯ ತುಂಬ ಕಿಟಕಿಯೇ ಹೊಳೆಯುತ್ತಿತ್ತು, ಬೀದಿಯ ಬಿಸಿಲು, ಹೋಗುವ ಸೈಕಲ್ಲು, ಎಲ್ಲ. ಅಕ್ಷರ ಓದಬೇಕೆಂದು ಗಲ್ಲ ಎತ್ತಿದರು. ಒಂದು ನಿಮಿಷಕ್ಕೆ ಗಟ್ಟಿಮುಟ್ಟಾದ ಅವರ ಕತ್ತೇ ಹಿಡಿದುಕೊಂಡಿತು. ಇನ್ನು ಕೊಯ್ದು ಹೊಲಿದ ಕುತ್ತಿಗೆಯವಳು? ಸೋತು ತಲೆ ಇಳಿಸಿದರು. ಕಣ್ಣು ತನ್ನಷ್ಟಕ್ಕೆ ಹೋಗಿ ನಿಂತದ್ದು ಆ ನೀಲಿ ಗುರುತಿನ ಮೇಲೆ. ಅಲ್ಲಿ ಕಿಟಕಿಯ ಬೆಳಕು ಬೀಳುತ್ತಿರಲಿಲ್ಲ. ಕತ್ತು ನೆಟ್ಟಗಿತ್ತು. ನೋವಿರಲಿಲ್ಲ.

ಅವನು ಅಕ್ಕನ ಕುರ್ಚಿಯಲ್ಲಿ ಕೂತು ನೋಡಿದ್ದ. ಇವರು ಗೋಡೆ ಅಳೆದಿದ್ದರು.

ಬೈಂಡರು ಎದ್ದು ಮೆಕ್ಯಾನಿಕ್ಕಿಗೆ ಫೋನ್ ಹಚ್ಚಿದರು. ಪಕ್ಕದ ಬೀದಿಯಲ್ಲೇ ಇದ್ದವನು ಹಣೆ ಚಚ್ಚಿಕೊಳ್ಳುತ್ತಲೇ ಬಂದ.

"ಕೂದಲೆಳೆ ಕೂದಲೆಳೆ ಅಂತ ನೀವೇ ಹೇಳಿ ಹಾಕಿಸಿದ್ರಲ್ಲ ಸಾರ್! ನಾಲ್ಕು ತೂತು ಹೊಡೆದಾಗಿದೆ."

"ಹೊಡೆದಿದ್ರೆ ಹೊಡೆದಿರ್ಲಿ. ಇಳಿಸಪ್ಪ. ಗುರುತಿಗೆ ಹಾಕು."

ಮೆಕ್ಯಾನಿಕ್ಕು ಗೊಣಗುತ್ತ, ಕಿಟಕಿಯತ್ತ ನೋಡಿ, ಕುರ್ಚಿಯತ್ತ ನೋಡಿ, ಗುರುತಿನ ಮೇಲೆ ಬೆರಳಿಟ್ಟ. ಗೊಣಗಾಟ ನಿಂತಿತು. "ಇದು ಕೆಲಸ ಗೊತ್ತಿದ್ದವರ ಕೈ," ಎಂದ.

ಟಿವಿ ಕೆಳಗಿಳಿಯಿತು. ಹಳೆಯ ತೂತುಗಳಲ್ಲಿ ಎರಡು ಮರೆಯಾದವು. ಎರಡು ಪರದೆಗಿಂತ ಮೇಲೆ, ಬಲಗಡೆ ಗೋಡೆಯಲ್ಲಿ ಕಣ್ಣು ಬಿಟ್ಟುಕೊಂಡು ಉಳಿದವು. ಒಂದು ಹೊಲಿಗೆ ಸೊಟ್ಟಗಾದರೆ ಇಡೀ ಪುಸ್ತಕ ಬಿಚ್ಚುತ್ತಿದ್ದ ಬೈಂಡರು ಅವನ್ನು ನೋಡಿದರು, ಹಾಗೇ ಬಿಟ್ಟರು.

ಮೆಕ್ಯಾನಿಕ್ಕು ಹೋದ ಮೇಲೆ ಹೆಂಡತಿ ಹುಡುಗಿಯ ಕೈ ಹಿಡಿದು ಬಂದು ಕೂತಳು. ಅವಳ ಕತ್ತು ಅಲುಗಲಿಲ್ಲ. "ಕಾಣುತ್ತೆ," ಎಂದಳು, ಅಷ್ಟೇ. ಕಣ್ಣಲ್ಲಿ ನೀರು ತುಂಬಿತು.

ಬೈಂಡರಿಗೆ ಇನ್ನು ತಡೆಯಲಾಗಲಿಲ್ಲ. "ಒಂದು ಮಾತಿದೆ," ಎಂದರು. "ಆ ದಿನ ನಾನು ಅವನಿಗೆ ಬಯ್ದು ಕಳಿಸಿದ್ದೆ. ಮನೆ ಹೊಸ್ತಿಲು ತುಳಿಯಬೇಡ ಅಂದಿದ್ದೆ. ಇದರಲ್ಲಿದೆ." ಸೀಳುಗಾಜಿನ ಫೋನನ್ನು ತೋರಿಸಿದರು.

"ಗೊತ್ತು ಮಾವ, ನಿಮ್ಮದೊಂದು ಬಂದಿದೆ ಅಂತ. ನಾನು ತೆರೆದಿಲ್ಲ," ಎಂದಳು ಹುಡುಗಿ. "ಅಳಿಸಿಬಿಡ್ಲಾ?"

"ಬೇಡ. ಹಾಕು. ನಿಮ್ಮಿಬ್ಬರೆದುರೇ ಕೇಳ್ತೀನಿ."

ಅವಳು ಒತ್ತಿದಳು. ಅಂಗಡಿಯ ಗದ್ದಲ, ಆಮೇಲೆ ಬೈಂಡರದೇ ಸಿಡುಕು ದನಿ: ಗಿಳಿ, ಉಪಕಾರ, ಹೊಸ್ತಿಲು. ಬೈಂಡರು ತಲೆ ತಗ್ಗಿಸಿದರು. ಸಂದೇಶ ಅಲ್ಲಿಗೆ ಮುಗಿಯಲಿಲ್ಲ. ಸಿಟ್ಟಿನಲ್ಲಿ ಹೆಬ್ಬೆರಳು ತೆಗೆಯುವುದು ತಡವಾಗಿತ್ತಲ್ಲ, ಮುಂದಿನದೂ ಸೇರಿಕೊಂಡಿತ್ತು.

"ಹಾಗಾದ್ರೆ ಇದನ್ನೇ ಬಿಲ್ ಮಾಡಿಸ್ಲಾ ಸಾರ್?" ಎಂದಿತು ಅಂಗಡಿಯವನ ದನಿ.

"ಸುಮ್ನಿರಪ್ಪ! ಅವನಿಲ್ಲದೆ ನಾನು ಒಂದು ಬಲ್ಬೂ ಕೊಂಡವನಲ್ಲ. ಇನ್ನೊಂದು ಗಂಟೆಯಾದ್ರೂ ಇಲ್ಲೇ ಕಾಯ್ತೀನಿ. ಅವನು ಬಂದೇ ಬರ್ತಾನೆ, ಬರದೆ ಇರೋ ಜಾತಿ ಅಲ್ಲ ಅವನು."

ಅಲ್ಲಿಗೆ ನಿಂತಿತು.

ಹುಡುಗಿ ಮುಖ ಮುಚ್ಚಿಕೊಂಡಳು. ಹೆಂಡತಿ ಕಬ್ಬಿಣದ ಹಿಡಿಯನ್ನು ಹಿಡಿದಿದ್ದ ಕೈ ಬಿಟ್ಟು ಗಂಡನ ಕೈ ಹಿಡಿದಳು.

"ಹೊಸ್ತಿಲು ತುಳಿಯಬೇಡ ಅಂತ ನೀವು ಅವನಿಗೆ ಹೇಳಿದ್ದು ಇದು ಎಷ್ಟನೇ ಸಲ ರೀ?"

"ಲೆಕ್ಕ ಇಟ್ಟಿಲ್ಲ ಕಣೆ."

"ಪ್ರತಿ ಸಲವೂ ಮಾರನೇ ದಿನ ಬಂದಿದ್ದಾನೆ. ನೋಡಿ, ಈ ಸಲವೂ ಬಂದಿದ್ದಾನೆ," ಎಂದು ಪರದೆಯ ಕಡೆ ಕಣ್ಣಿನಲ್ಲೇ ತೋರಿಸಿದಳು.

ಪರದೆಯ ಮೇಲೆ ಸಂಜೆಯ ಪ್ರಾರ್ಥನೆ ಶುರುವಾಗಿತ್ತು. ದೊಡ್ಡ ಬಿಳಿ ಅಕ್ಷರದ ಸಾಲುಗಳು ಒಂದೊಂದಾಗಿ ಬಂದವು. ಎಂಟು ತಿಂಗಳ ಮೇಲೆ ಆಕೆ ಅವನ್ನು ತಾನೇ ಓದಿ ಮೆಲುದನಿಯಲ್ಲಿ ಹಾಡಿದಳು. ಬೈಂಡರು ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಕೈ ಜೋಡಿಸಿದರು. ಒಂದು ತಿಂಗಳಿಂದ ನಾಲಿಗೆಗೆ ಅಡ್ಡ ಬಂದಿದ್ದ ಮಾತು ಈಗ ಅಡ್ಡ ಬರಲಿಲ್ಲ.

ದಯಾಮಯನಾದ ದೇವರೇ, ಹೊರಟ ದಾರಿಯಲ್ಲೇ ನಿನ್ನ ಮನೆಗೆ ತಿರುಗಿಕೊಂಡವನನ್ನು ಬಾಗಿಲಲ್ಲಿ ಕಾಯಿಸಬೇಡ, ಒಳಗೆ ಕರೆದುಕೋ. ಮಾತು ಜಾಸ್ತಿ ಆಡುತ್ತಾನೆ, ತಾಳಿಕೋ. ನಾನು ಆಡಬಾರದ್ದನ್ನು ಆಡಿದ್ದರೆ ಅದು ಅವನ ಕಿವಿಗೆ ಬೀಳದಿರಲಿ; ಕಾಯುತ್ತೇನೆ ಎಂದದ್ದು ಮಾತ್ರ ಬೀಳಲಿ. ಬೇರೆಯವರ ಜಾಗದಲ್ಲಿ ಕೂತು ನೋಡಬಲ್ಲವನಾಗಿದ್ದ ಅವನಿಗೆ ನಿನ್ನ ಸನ್ನಿಧಿಯಲ್ಲೊಂದು ಜಾಗ ಕೊಡು. ಅವನ ಆತ್ಮಕ್ಕೆ ಶಾಂತಿ ಕೊಡು.